ಮಾರದ ಹಾಲು

ನನ್ನ ಎರಡನೆಯ ಮಗಳು ವರ್ಷ ತುಂಬುವ ಮೊದಲೇ ನಡೆದವಳು. ಹೊಸ್ತಿಲು ದಾಟಿ ಅಂಗಳಕ್ಕಿಳಿದು ಎಮ್ಮೆಯ ಕರುವಿನ ಬಾಲ ಹಿಡಿಯಲು ಹೋಗುತ್ತಿದ್ದಳು. ದಡಾರ ಬಂದು ಹೋದ ಮೇಲೆ ಎದ್ದು ನಿಲ್ಲುವುದನ್ನೇ ಬಿಟ್ಟಳು. ರಟ್ಟೆ ಹಿಡಿದು ನಿಲ್ಲಿಸಿದರೆ ಒದ್ದೆ ಬಟ್ಟೆಯಂತೆ ಕುಸಿಯುತ್ತಿದ್ದಳು. ಹೊಟ್ಟೆ ಉಬ್ಬಿತ್ತು, ಮೊಣಕಾಲು ಗಂಟುಗಂಟು, ತೊಡೆ ಎಂಬುದೇ ಇರಲಿಲ್ಲ.

ಹುಕ್ಕೇರಿಯ ದವಾಖಾನೆಗೆ ಹೊತ್ತುಕೊಂಡು ಹೋದೆವು. ಡಾಕ್ಟರರು ಕಣಕಾಲು ಒತ್ತಿ ನೋಡಿ, “ಇದಕ್ಕ ಬಾಟಲಿ ಔಷಧ ಏನೂ ಇಲ್ರಿ. ಹಾಲು ಕುಡಸ್ರಿ. ಮುಂಜಾನೆ, ಸಂಜಿಕ. ಎಲುಬಿಗೆ ಬಲ ಬರಬೇಕಂದ್ರ ಹಾಲು ಬೇಕು” ಎಂದರು.

“ಮಜ್ಜಿಗಿ ದಿನಾ ಕುಡೀತಾಳ್ರಿ” ಎಂದರು ನಮ್ಮ ಯಜಮಾನರು.

“ಬೆಣ್ಣಿ ತಗದು, ಮ್ಯಾಲ ಒಂದು ಕೊಡ ನೀರು ಸುರದ ಮಜ್ಜಿಗಿ ಏನ್ರಿ ಅದು? ಅದರಾಗ ಕೂಸಿಗೆ ಏನ್ ಉಳೀತೈತಿ?”

ಅವರು ಹೇಳಿದ್ದು ಖರೆ. ಆದರೆ ನಮ್ಮ ಎಮ್ಮೆ ಆ ವರ್ಷ ರೋಗ ಬಂದು ಸತ್ತಿತ್ತು, ಕರುವೂ ಉಳಿಯಲಿಲ್ಲ. ಮತ್ತೊಂದು ಕಟ್ಟುವ ಶಕ್ತಿ ಮನೆಗಿರಲಿಲ್ಲ. ನನ್ನ ಎದೆಹಾಲು ಬತ್ತಿತ್ತು. ಕೌಜಲಗಿಯ ತವರಿನಿಂದ ಅಣ್ಣ ಗಾಡಿಯವರ ಕೈಯಲ್ಲಿ ತುಪ್ಪ ಕಳಿಸುತ್ತಿದ್ದ. ಅಷ್ಟು ದೂರ ಹಾಲು ಹೇಗೆ ಬರಬೇಕು?

ಬಾಜೂ ಮನೆಯ ದೊಡ್ಡವ್ವನ ಕೊಟ್ಟಿಗೆಯಲ್ಲಿ ಎಮ್ಮೆಗಳಿಗೇನೂ ಕಡಿಮೆ ಇರಲಿಲ್ಲ. ಹಾಲೆಲ್ಲ ಹೆಪ್ಪಿಗೆ ಹೋಗುತ್ತಿತ್ತು. ಬೆಣ್ಣೆ ಕಾಸಿ ತುಪ್ಪ ಮಾಡಿ ಗೋಕಾಕಕ್ಕೆ, ಕರದಂಟು ಮಾಡುವವರಿಗೆ ಕಳಿಸುತ್ತಿದ್ದಳು. ದವಾಖಾನೆಯಿಂದ ಬಂದ ಮರುದಿನವೇ ತಂಬಿಗೆ ಹಿಡಿದು ಹೋದೆ.

“ದೊಡ್ಡವ್ವಾರ, ಕೂಸಿಗೆ ಹಾಲು ಬೇಕಾಗ್ಯಾವ್ರಿ. ರೊಕ್ಕಾ ಕೊಡ್ತೇನಿ.”

“ಏನಂದಿ? ಹಾಲು ಮಾರೋದೂ ಒಂದ, ಹೊಟ್ಟಿ ಮಗನ್ನ ಮಾರೋದೂ ಒಂದ. ಮಾರಾಕ ನನಗ ಅಂಥಾದ್ದೇನ್ ಬಂದೈತಿ?”

“ತುಪ್ಪ ಮಾರ್ತೀರೆಲ್ರಿ?”

“ತುಪ್ಪ ಬ್ಯಾರೆ, ಹಾಲು ಬ್ಯಾರೆ! ಭಾಳ ಶಾಣ್ಯಾಕಿ ಆಗಬ್ಯಾಡ.”

“ಹಂಗಾರ ರೊಕ್ಕಾ ಬ್ಯಾಡ, ಹಂಗ ಕೊಡ್ರಿ.”

ದೊಡ್ಡವ್ವನ ಮುಖ ಸಣ್ಣದಾಯಿತು. ದನಿ ಇಳಿಸಿ ಹೇಳಿದಳು: “ಬ್ಯಾನಿ ಬಿದ್ದ ಕೂಸಿಗೆ ಹಾಲು ಮನಿ ದಾಟಿಸಿದ್ರ ಎಮ್ಮಿ ಕೆಚ್ಚಲು ಒಣಗತೈತಿ, ತಂಗಿ. ನಮ್ಮತ್ತಿ ಕಾಲದಾಗ ಆಗೇತಿ. ನಾ ಕಣ್ಣಾರೆ ಕಂಡೇನಿ. ಮಜ್ಜಿಗಿ ಒಯ್ಯಿ. ಗಡಗಿ ತುಂಬ ಒಯ್ಯಿ, ಎಂದಾದ್ರೂ ಬ್ಯಾಡಂದೇನೇನು?”

ಅಂದಿರಲಿಲ್ಲ. ಮಜ್ಜಿಗೆಗೆ ಆ ಮನೆಯ ಬಾಗಿಲು ಯಾರಿಗೂ ಮುಚ್ಚಿದ್ದಿಲ್ಲ. ಓಣಿಯ ಉಳಿದ ಮನೆಗಳಲ್ಲೂ ಇದೇ ಮಾತು, ಇದೇ ಮಜ್ಜಿಗೆ. ಹಿಟ್ಟು ಕೇಳಿದರೆ ಬೋಗುಣಿ ತುಂಬ ಕೊಡುವ ಜನ. ಅವರನ್ನು ಕೆಟ್ಟವರೆಂದರೆ ನನ್ನ ನಾಲಿಗೆ ಸುಡಲಿ. ಆದರೆ ತುಂಬಿದ ಕೊಟ್ಟಿಗೆಗಳ ನಡುವೆ ನನ್ನ ಕೂಸು ಬತ್ತುತ್ತಿತ್ತು. ಮುಂಜಾನೆ ಎಲ್ಲ ಮನೆಗಳಿಂದ ಹಾಲು ಕರೆಯುವ ಸಪ್ಪಳ ಕೇಳುವಾಗ ನಾನು ಲಿಂಗಪೂಜೆಗೆ ಕೂತಿರುತ್ತಿದ್ದೆ. ಕೈಯಲ್ಲಿ ಲಿಂಗ, ಕಿವಿಯೆಲ್ಲ ಆ ಸಪ್ಪಳದಲ್ಲಿ.

ಸುಗ್ಗಿ ಮುಗಿದ ಮೇಲೆ ದಡ್ಡಿ ಊರಿನ ಕಡೆಯಿಂದ ಕುರಿಯವರು ಬಂದರು. ಹೊಲಕ್ಕೆ ಗೊಬ್ಬರವಾಗಲೆಂದು ನಮ್ಮ ಯಜಮಾನರು ಹಿಂಡನ್ನು ನಮ್ಮ ಹೊಲದಲ್ಲೇ ತರುಬಿಸಿದ್ದರು. ಅವರಿಗೆ ರೊಟ್ಟಿ ಕೊಡಲು ಕೂಸನ್ನು ಎತ್ತಿಕೊಂಡು ಹೋಗಿದ್ದೆ. ಕುರಿಯವರ ಹೆಂಗಸು ಅದರ ಕಾಲು ನೋಡಿದಳು. ಏನೂ ಕೇಳದೆ ಒಂದು ಆಡು ಹಿಡಿದು ಹಾಲು ಕರೆದು ಬಟ್ಟಲು ಮುಂದೆ ಹಿಡಿದಳು.

“ನಿನ್ನ ಆಡಿಗೆ ಏನರ ಆದ್ರ?” ಎಂದೆ.

“ಆಡಿಗೇನ್ ಆಗತೈತಿ, ಯಕ್ಕಾ? ಮೇಯತೈತಿ, ಕೊಡತೈತಿ. ಕುಡಸು ಮೊದಲ.”

ಮನೆಯಲ್ಲಿ ನಮ್ಮತ್ತೆ ಮಡಿಯವರು. ಬೈಯುತ್ತಾರೆಂದು ಹೆದರಿಯೇ ಹೇಳಿದೆ. ಅವರು, “ಆಡಿನ್ಯಾಗ ಶಿವ ಇಲ್ಲೇನು? ಕಾಸಿ ಕುಡಸು. ಓಣಿಯವರ ಮುಂದ ಮಾತ್ರ ಡಂಗುರ ಹೊಡೀಬ್ಯಾಡ” ಎಂದರು. ಅಂಥ ಅತ್ತೆಯನ್ನು ಕೊಟ್ಟದ್ದು ದೇವರ ದಯೆಯೇ.

ದಿನಾ ಎರಡು ಹೊತ್ತು ಹೊಲಕ್ಕೆ ಹೋಗಿ ಹಾಲು ತಂದೆ. ಕೂಸು ಬಟ್ಟಲನ್ನು ಎರಡೂ ಕೈಯಿಂದ ಹಿಡಿದು ಕುಡಿಯುತ್ತಿತ್ತು, ಮುಗಿದ ಮೇಲೂ ಬಿಡುತ್ತಿರಲಿಲ್ಲ. ಬರಬರುತ್ತ ಅಳುವಿಗೆ ದನಿ ಬಂತು. ತೊಡೆ ಕೈಗೆ ಸಿಗತೊಡಗಿತು. ಒಂದು ಮುಂಜಾನೆ ನಾನು ಬೀಸುತ್ತಿದ್ದಾಗ ಗೋಡೆ ಹಿಡಿದು ತಾನಾಗಿ ಎದ್ದು ನಿಂತು ನನ್ನನ್ನು ನೋಡಿ ನಕ್ಕಳು. ಬೀಸುವ ಕಲ್ಲು ಬಿಟ್ಟು ಅತ್ತೆಯನ್ನು ಕೂಗಿದೆ. ಅವರು ಬರುವವರೆಗೂ ನಿಂತೇ ಇದ್ದಳು. ಅಷ್ಟನ್ನು ನೋಡಿದೆ.

ಮಳೆ ಹತ್ತಿರ ಬಂತು. ಕುರಿಯವರು ಹಿಂಡು ಎಬ್ಬಿಸಿದರು. ಒಂದು ಆಡನ್ನಾದರೂ ಬಿಟ್ಟು ಹೋಗೆಂದು ಕೈಮುಗಿದೆ. ಆ ಹೆಂಗಸು, “ಆಡು ನಮ್ಮ ಮಾಲಕನವು, ಯಕ್ಕಾ. ನನ್ನವಾಗಿದ್ರ ಕೇಳ್ಸಿಕೋತಿದ್ನೇನು?” ಎಂದು ಕೂಸಿನ ತಲೆ ಸವರಿ ಹೋದಳು.

ಮತ್ತೆ ಮಜ್ಜಿಗೆ ಕುಡಿಸಿದೆ. ಗೋಡೆ ಹಿಡಿದು ನಿಂತವಳು ಮತ್ತೆ ಕೂತಳು. ಆಮೇಲೆ ಕೂಡಲೂ ಆಗಲಿಲ್ಲ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಕೆಮ್ಮು ಹತ್ತಿತು. ಕೆಮ್ಮಲಿಕ್ಕೂ ಬಲ ಬೇಕಲ್ಲ. ನನ್ನ ತೊಡೆಯ ಮೇಲೆಯೇ ಹೋದಳು. ಬಹಳ ನರಳಲಿಲ್ಲ.

ನಮ್ಮ ಹೊಲದ ಬದುವಿನಲ್ಲೇ ಮಣ್ಣು ಮಾಡಿದೆವು. ಮೂರನೆಯ ದಿನ ಮಣ್ಣಿನ ಮೇಲೆ ಹಾಲು-ತುಪ್ಪ ಬಿಡುವುದು ನಮ್ಮ ಪದ್ಧತಿ. ಓಣಿಯ ಹೆಂಗಸರೆಲ್ಲ ಬಂದರು, ಒಬ್ಬರೂ ಬರಿಗೈಯಲ್ಲಿ ಬರಲಿಲ್ಲ. ದೊಡ್ಡವ್ವ ತುಂಬಿದ ಚರಿಗೆ ತಂದಿದ್ದಳು. ಅಂದು ಕರೆದದ್ದು, ಮೇಲೆ ನೊರೆ ಇನ್ನೂ ಇತ್ತು. ಸತ್ತವರಿಗೆ ಕೊಟ್ಟರೆ ಕೆಚ್ಚಲು ಒಣಗುವುದಿಲ್ಲ.

ಅಳುತ್ತ ಬಗ್ಗಿ ಶಾಸ್ತ್ರಕ್ಕೆಂದು ಒಂದಿಷ್ಟು ಬಿಟ್ಟಳು. ನನಗೆ ಸಿಟ್ಟು ಬರಲಿಲ್ಲ. ಮಗಳಿಗೆ ಊಟಕ್ಕೆ ಬಡಿಸುವವರಿಗೆ ತಾಯಿ ಹೇಳಿದಂತೆ ಹೇಳಿದೆ: “ಇನ್ನೊಂದೀಟು ಬಿಡ್ರಿ, ದೊಡ್ಡವ್ವಾರ. ಅಕಿ ಭಾಳ ಕುಡದಿಲ್ಲ.”

ದೊಡ್ಡವ್ವ ನನ್ನ ಮುಖ ನೋಡಿದಳು. ಚರಿಗೆಯನ್ನು ಪೂರಾ ಬೋರಲು ಹಾಕಿದಳು. ಮಳೆಗೆ ನೆನೆದ ಮಣ್ಣು ಬೇಗ ಹೀರಲಿಲ್ಲ; ಹಾಲು ಅಲ್ಲೇ ನಿಂತು, ಬದುವಿನ ಕಡೆ ಹರಿಯಿತು.

“ಸಾಕೇನ, ತಂಗಿ?” ಎಂದಳು.