ಮುಕ್ಕಾಲು ಪಾಲು

ಪೆನ್ಸಿಲಮ್ಮನನ್ನು ಯಾರಾದರೂ ಬೇಜವಾಬ್ದಾರಿ ಹೆಂಗಸು ಅಂದರೆ ನಾನು ಸುಮ್ಮನಿರುವವಳಲ್ಲ. ಲೆಕ್ಕದ ಕೋಣೆಯಲ್ಲಿ ಹನ್ನೆರಡು ವರ್ಷ ಅವಳ ಎದುರು ಮೇಜಿನಲ್ಲಿ ಕೂತವಳು ನಾನು. ಯಾವ ಅಂಕಿಯನ್ನಾದರೂ ಮೊದಲು ಪೆನ್ಸಿಲಿನಲ್ಲಿ ಬರೆದು, ಎರಡು ಸಲ ಕೂಡಿ ನೋಡಿ, ಆಮೇಲೇ ಕಂಪ್ಯೂಟರಿಗೆ ಹಾಕುತ್ತಿದ್ದಳು. ಅಂಥವಳ ಕೈಯಲ್ಲೇ ತಪ್ಪಾಯಿತಲ್ಲ, ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ನಮ್ಮ ಕಂಪನಿ ಶುರುವಾದದ್ದು ಕಂಪ್ಯೂಟರ್ ಕಲಿಸುವ ತರಗತಿಗಳಿಂದ. ಆಮೇಲೆ ಮೂಲೆಯಲ್ಲಿ ಎರಡು ಮೇಜು ಹಾಕಿಕೊಂಡು ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬರೆಯತೊಡಗಿದರು. ಆಗ ಬಾಡಿಗೆ, ಕರೆಂಟು ಬಿಲ್ಲಿನಲ್ಲಿ ಮುಕ್ಕಾಲು ಪಾಲು ತರಗತಿಗಳ ಲೆಕ್ಕಕ್ಕೆ, ಕಾಲು ಪಾಲು ಸಾಫ್ಟ್‌ವೇರಿಗೆ ಎಂದು ನಿಗದಿಯಾಯಿತು. ನ್ಯಾಯವೇ ಆಗಿತ್ತು. ವರ್ಷ ಕಳೆದಂತೆ ಸಾಫ್ಟ್‌ವೇರಿನವರು ಒಂದೊಂದೇ ಕೋಣೆ ನುಂಗುತ್ತ ಎರಡು ಮಹಡಿ ಹಿಡಿದರು; ತರಗತಿಗಳಿಗೆ ಉಳಿದದ್ದು ಕೆಳಗಿನ ಎರಡು ಕೋಣೆ. ಪೆನ್ಸಿಲಮ್ಮ ಮಾತ್ರ ಪ್ರತಿ ವರ್ಷ ಹಳೆಯ ಹಾಳೆಯನ್ನೇ ನಕಲು ಮಾಡಿ ಹೊಸ ಅಂಕಿ ತುಂಬುತ್ತಿದ್ದಳು. ಪಾಲು ಬದಲಾಯಿಸಬೇಕೆಂದು ಅವಳಿಗೂ ಹೊಳೆಯಲಿಲ್ಲ, ಎದುರಿಗಿದ್ದ ನನಗೂ ಹೊಳೆಯಲಿಲ್ಲ.

ಆ ಎರಡು ಕೋಣೆಗಳಲ್ಲಿ ಪಾಠ ಹೇಳುತ್ತಿದ್ದವಳು ಅವಳ ಸ್ವಂತ ಅಕ್ಕ. ಗಂಡನಿಲ್ಲ, ಮಕ್ಕಳಿಲ್ಲ, ಪಾಠವೆಂದರೆ ಜೀವ. ನಡೆಸುವ ಖರ್ಚೆಲ್ಲ ಕಳೆದರೆ ತರಗತಿಗಳ ಕಡೆ ಮೂರು ವರ್ಷದಿಂದ ನಷ್ಟವೇ ಕಾಣುತ್ತಿತ್ತು. ಅದನ್ನು ನೋಡಿ ಕಂಪನಿಯ ಯಜಮಾನರಾದ ಸಾಹೇಬರು ತರಗತಿಗಳನ್ನು ಮುಚ್ಚಿಸಿಯೇ ಬಿಟ್ಟರು. ಆವತ್ತು ಅಕ್ಕ ನಮ್ಮ ಕೋಣೆಗೆ ಬಂದು, "ನಂಗೇ ಕಲಿಸೋಕೆ ಬರ್ಲಿಲ್ವೇನೋ ಕಣೇ," ಎಂದು ಬೀರುವಿನ ಬೀಗದ ಕೈ ತಂಗಿಗೆ ಕೊಟ್ಟು ಹೋದಳು.

ಮುಂದಿನ ಮೂರು ತಿಂಗಳ ಲೆಕ್ಕದಲ್ಲಿ ಬಾಡಿಗೆಯೆಲ್ಲ ಸಾಫ್ಟ್‌ವೇರಿನ ತಲೆಗೆ ಬಂದು, ಅದರ ಲಾಭ ಅರ್ಧಕ್ಕಿಳಿಯಿತು. ಸಾಹೇಬರು ಕೂಗಾಡಿದರು. ಪೆನ್ಸಿಲಮ್ಮ ಹಳೆಯ ಹಾಳೆಗಳನ್ನೆಲ್ಲ ಹರಡಿಕೊಂಡು, ಯಾರ ಹತ್ತಿರ ಎಷ್ಟು ಕೋಣೆಯಿತ್ತೆಂದು ಎಣಿಸಿ ಹೊಸದಾಗಿ ಪಾಲು ಹಾಕಿದಳು. ತರಗತಿಗಳು ಒಂದು ವರ್ಷವೂ ನಷ್ಟದಲ್ಲಿರಲಿಲ್ಲ.

"ಅಯ್ಯೋ, ನನ್ನ ಕೈಯಾರೆ ಅಕ್ಕನ ಅನ್ನ ಕಿತ್ಕೊಂಡೆನಲ್ಲೇ!" ಎಂದು ಮೇಜಿಗೆ ತಲೆಯಿಟ್ಟು ಅತ್ತಳು. ತರಗತಿ ಮತ್ತೆ ತೆರೆಯಿರಿ ಎಂದು ಸಾಹೇಬರನ್ನು ಅಂಗಲಾಚಿದಳು.

"ವಿದ್ಯಾರ್ಥಿಗಳೆಲ್ಲ ಬೇರೆ ಕಡೆ ಸೇರ್ಕೊಂಡಾಯ್ತು. ಮುಗಿದ ಕಥೆ, ಬಿಡಮ್ಮ," ಎಂದರು ಆ ಮಹಾನುಭಾವರು.

"ಅಕ್ಕನಿಗೆ ಹೇಳ್ಬೇಡ, ಬಾಯಿ ಮುಚ್ಕೊಂಡಿರು," ಎಂದು ನಾನು ಬೈದೆ. ಕೇಳಲಿಲ್ಲ. "ತಾನು ಕಲಿಸಿದ್ದು ಸರಿಯಾಗಿತ್ತು ಅಂತಾದ್ರೂ ಗೊತ್ತಾಗ್ಲಿ," ಎಂದು ನನ್ನನ್ನೂ ಎಳೆದುಕೊಂಡು ಅಕ್ಕನ ಮನೆಗೆ ಹೋದಳು.

ಅಕ್ಕ ಬಟ್ಟೆ ಮಡಿಸುತ್ತಲೇ ಪೂರ್ತಿ ಕೇಳಿದಳು.

"ಇಷ್ಟು ದಿನ ನನ್ನ ಮೇಲೆ ನಂಗೇ ಸಿಟ್ಟಿತ್ತು. ಅದನ್ನ ಹೇಗೋ ನುಂಗ್ಕೊಂಡಿದ್ದೆ," ಎಂದಳು. "ಈಗ ನಿನ್ನ ಮೇಲೆ ಬರ್ತಿದೆ ಕಣೇ. ಇದನ್ನ ಏನು ಮಾಡ್ಲಿ, ಹೇಳು?"

ಮಡಿಸಿದ ಬಟ್ಟೆ ಒಳಗಿಟ್ಟು ಬಂದು ಅಕ್ಕನೇ ಬಾಗಿಲು ತೆಗೆದಳು.

"ಸ್ವಲ್ಪ ದಿನ ಈ ಕಡೆ ಬರ್ಬೇಡ. ನಾನೇ ಕರೀತೀನಿ."

ಎರಡು ವರ್ಷವಾಯಿತು. ಇನ್ನೂ ಕರೆದಿಲ್ಲ.