ಸೇತುವೆಯ ಯೋರಿನ್ ಓದಿದ್ದು

ಕಾಲುವೆಯಲ್ಲಿ ದೋಣಿ ಬಂದಾಗ ಸೇತುವೆ ಎತ್ತುವುದು, ದೋಣಿ ದಾಟಿದ ಮೇಲೆ ಇಳಿಸುವುದು. ಡೆಲ್ಫ್ಟ್ ಊರಿನಲ್ಲಿ ಯೋರಿನ್ ಹೋಖ್‌ಲಾಂಡ್ ಹದಿನೇಳು ವರ್ಷ ಮಾಡಿಕೊಂಡು ಬಂದ ಕೆಲಸ ಇದು. ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಹೋಗುವವರು ಸೈಕಲ್ ನಿಲ್ಲಿಸಿಕೊಂಡು ಗೊಣಗುತ್ತಿದ್ದರೆ ಅವಳು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಒಂದು ಜುಲೈನಲ್ಲಿ ಸೆಕೆಗೆ ಉಕ್ಕು ಹಿಗ್ಗಿ, ಎತ್ತಿದ ಸೇತುವೆ ಮತ್ತೆ ಕೂರಲೊಲ್ಲದಾಯಿತು. ಉಕ್ಕು ತಣಿಯಲೆಂದು ಪೈಪಿನಿಂದ ಅದಕ್ಕೆ ನೀರು ಹಾಯಿಸುತ್ತಲೇ ಯೋರಿನ್, ಕಾಯುತ್ತಿದ್ದ ಹಿಲ್ಕೆ ಎಂಬ ವಿದ್ಯಾರ್ಥಿನಿಯನ್ನು ಮಾತಿಗೆಳೆದಳು.

"ಎಷ್ಟು ಹಿಗ್ಗತ್ತೆ ಅಂತ ಮೊದಲೇ ಹೇಳಕ್ಕಾಗಲ್ವಾ?"

ಹಿಲ್ಕೆ ಬ್ರೆಡ್ಡಿನ ಪೊಟ್ಟಣದ ಮೇಲೆ ಒಂದೇ ಸಾಲಿನ ಲೆಕ್ಕ ಬರೆದುಕೊಟ್ಟಳು. ತಾನು ಇಷ್ಟು ಬೇಸಿಗೆ ನೀರು ಸುರಿದದ್ದರ ಹಿಂದೆ ಇಷ್ಟು ಚೊಕ್ಕವಾದ ಲೆಕ್ಕವೊಂದಿದೆ ಎಂದು ತಿಳಿದು ಯೋರಿನ್‌ಗೆ ಆದ ಖುಷಿ ಅಷ್ಟಿಷ್ಟಲ್ಲ. ಇಂಥವು ಇನ್ನೆಷ್ಟಿವೆಯೋ ಎಂಬ ಆಸೆ ಹತ್ತಿತು.

ಎರಡು ವರ್ಷ ಸಂಜೆ ತರಗತಿಗೆ ಹೋಗಿ ಗಣಿತ ಕಲಿತು, ಅದೇ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಗೆದ್ದಳು. ಗುರುವಾರದ ಸಂತೆಯಲ್ಲಿ ಚೀಸ್ ಮಾರುವ ಅವಳ ತಾಯಿ ಖೆಸೀನಾ ನಕ್ಕೇ ನಕ್ಕಳು.

"ನಲವತ್ತಮೂರಕ್ಕೆ ಕಾಲೇಜಾ? ನಿನ್ನನ್ನ ಕಸ ಗುಡಿಸೋಳು ಅಂದ್ಕೋತಾರೆ ಕಣೇ."

"ಅಂದ್ಕೊಳ್ಳಲಿ ಬಿಡಮ್ಮ. ಬಾಗಿಲು ತೆಗೀತಾರಲ್ಲ, ಅಷ್ಟು ಸಾಕು."

ಮೊದಲ ವರ್ಷ ಬಲವಿಜ್ಞಾನದಲ್ಲಿ ಹತ್ತಕ್ಕೆ ನಾಲ್ಕು ಬಂತು. ಯೋರಿನ್ ಒಂದು ದಿನ ಮುಖ ಊದಿಸಿಕೊಂಡಿದ್ದು, ಮರುದಿನ ಮತ್ತೆ ಪುಸ್ತಕ ಹಿಡಿದಳು. ಶನಿವಾರ, ಭಾನುವಾರ ಸೇತುವೆಯ ಕೆಲಸ ಬಿಡಲಿಲ್ಲ. ಹತ್ತೊಂಬತ್ತರ ಸಹಪಾಠಿಗಳು ಕಾವಲು ಕೋಣೆಗೇ ಬಂದು, ಅವಳ ಬಟಾಣಿ ಸಾರು ಕುಡಿದು, ಬದಲಿಗೆ ಸಮೀಕರಣ ಹೇಳಿಕೊಡುತ್ತಿದ್ದರು. ಎರಡನೇ ಸಲ ಏಳು ಬಂತು.

ಆ ವಸಂತದಲ್ಲಿ ಅಧ್ಯಾಪಕರು ತರಗತಿಯಲ್ಲಿ ಸೇತುವೆಯೊಂದರ ಚಿತ್ರ ತೋರಿಸಿ, ಬೇಸಿಗೆಗೆಂದು ಎಷ್ಟು ಸಂದು ಬಿಡಬೇಕೆಂದು ಕೇಳಿದರು. ಮುಂದಿನ ಸಾಲಿನವನು ಲೆಕ್ಕ ಹಾಕಿ ಹತ್ತು ಸೆಂಟಿಮೀಟರ್ ಎಂದ.

"ಅಷ್ಟು ಬಿಟ್ರೆ ಸೈಕಲ್ ಚಕ್ರ ಸಿಕ್ಕಾಕೊಳ್ಳತ್ತೆ," ಎಂದಳು ಯೋರಿನ್ ಹಿಂದಿನಿಂದ. "ಕಿರುಬೆರಳಿನ ಅಗಲ ಸಾಕು."

ಹುಡುಗ ದಶಮಾಂಶದ ಚುಕ್ಕಿಯನ್ನು ತಪ್ಪು ಜಾಗದಲ್ಲಿ ಇಟ್ಟಿದ್ದ. ಅಧ್ಯಾಪಕರು, ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದಾಗ ಅವಳು ತನ್ನ ಸೇತುವೆಯ ಕತೆ ಹೇಳಿದಳು. ಮುಂದಿನ ವಾರ ಇಡೀ ತರಗತಿ ಆ ಸೇತುವೆಯ ಸಂದನ್ನು ಅಳೆಯಲು ಕಾಲುವೆಗೆ ಬಂತು. ಯೋರಿನ್ ಎತ್ತಿ, ಇಳಿಸಿ, ಮತ್ತೆ ಎತ್ತಿ ತೋರಿಸಿದಳು. ಅಂದು ಗೊಣಗಿದವರು ದೋಣಿಯವರು ಮಾತ್ರ.

ಮೂರು ವರ್ಷದ ಪದವಿಗೆ ಅವಳಿಗೆ ಐದು ವರ್ಷ ಹಿಡಿಯಿತು. ಶಾಲೆ ಮುಗಿಸಿದ ಮಕ್ಕಳ ಮನೆ ಮುಂದೆ ಬಾವುಟ ಕಟ್ಟಿ, ಕೋಲಿನ ತುದಿಗೆ ಅವರ ಪುಸ್ತಕದ ಚೀಲ ನೇತುಹಾಕುವುದು ಅಲ್ಲಿನ ರೂಢಿ. ಪದವಿ ಬಂದ ದಿನ ಎಪ್ಪತ್ತಾರರ ಖೆಸೀನಾ ಕುರ್ಚಿ ಹತ್ತಿ ಮಗಳ ಚೀಲವನ್ನು ತಾನೇ ಕಟ್ಟಿದಳು. ಪಕ್ಕದ ಮನೆಯವರು, ಯಾವ ಮೊಮ್ಮಗು ಪಾಸಾಯಿತು ಎಂದು ವಿಚಾರಿಸಿದರು.

"ಮೊಮ್ಮಗು ಅಲ್ಲ, ಮಗಳು," ಎಂದಳು ಮುದುಕಿ. "ಎಂಜಿನಿಯರು. ಬನ್ನಿ, ಒಳಗೆ ಚೀಸಿದೆ."