ಹೋದ ಸಲದ್ದಕ್ಕೆ ಥ್ಯಾಂಕ್ಸ್

ನಮ್ಮಣ್ಣ ಎಸ್ಕಿಲ್‌ಗೆ ಪುಸ್ತಕದ ಹುಚ್ಚು ಅಂತ ಬೋಲ್ನೆಸ್ ಊರೆಲ್ಲ ಹೇಳುತ್ತದೆ. ಹೇಳಲಿ, ಊರಿಗೇನು ಗೊತ್ತು. ಮೂವತ್ತೊಂದು ವರ್ಷ ಕಾಡಿನ ಹಳ್ಳಿಹಳ್ಳಿಗೆ ಲೈಬ್ರರಿ ಬಸ್ಸು ಓಡಿಸಿದವನು, ಪ್ರತಿ ಈಸ್ಟರ್ ರಜೆಗೆ ರೈಲು ಹತ್ತಿ ದೊಡ್ಡ ಊರುಗಳ ಲೈಬ್ರರಿ ನೋಡಲು ಹೊರಡುತ್ತಾನೆ. ಒಂದು ವರ್ಷ ಗೋಥೆನ್‌ಬರ್ಗ್, ಒಂದು ವರ್ಷ ಮಾಲ್ಮೊ, ಇನ್ನೊಂದು ವರ್ಷ ಲುಂಡ್. ಹಳೇ ಪುಸ್ತಕದಂಗಡಿಗಳಿಗೂ ಹೋಗುತ್ತಾನೆ, ಪುಸ್ತಕ ಮಾತ್ರ ಕೊಳ್ಳುವುದಿಲ್ಲ. ಅವನು ನೋಡುವುದು ಕಪಾಟನ್ನಲ್ಲ, ಕಪಾಟಿನ ಆಚೆ ನಿಂತವರನ್ನು.

ಮಾರಿತ್ ಅಂತ ಒಬ್ಬಳಿದ್ದಳು. ಅವನ ಬಸ್ಸಿನಲ್ಲೇ ಪುಸ್ತಕ ಕೊಡುವ ಕೆಲಸ. ಮೂರು ವರ್ಷ ಇಬ್ಬರೂ ಒಂದೇ ಫ್ಲಾಸ್ಕಿನ ಕಾಫಿ ಕುಡಿದರು. ಮೂವತ್ತೆರಡು ವರ್ಷದ ಹಿಂದೆ, ಈಸ್ಟರ್ ಶನಿವಾರ, ಅವಳು ಇವನೊಬ್ಬನನ್ನೇ ಊಟಕ್ಕೆ ಕರೆದಳು. ಮೊಟ್ಟೆ, ಉಪ್ಪಿನಲ್ಲಿಟ್ಟ ಮೀನು, ಮೇಜಿನ ಮೇಲೆ ಹಬ್ಬದ ಅಲಂಕಾರಕ್ಕೆ ಬರ್ಚ್ ಮರದ ಕಡ್ಡಿಗಳಿಗೆ ಕಟ್ಟಿದ ಬಣ್ಣದ ಗರಿ. ರಾತ್ರಿ ನಡೆದುಕೊಂಡೇ ಮನೆಗೆ ಬಂದೆ, ಐದು ಮೈಲಿ ಗೊತ್ತೇ ಆಗಲಿಲ್ಲ ಅನ್ನುತ್ತಾನೆ.

ನಮ್ಮಲ್ಲಿ ಒಂದು ರೀತಿ ಇದೆ. ಯಾರ ಮನೆಯಲ್ಲಾದರೂ ಉಂಡು ಬಂದರೆ, ಮುಂದಿನ ಸಲ ಅವರು ಕಣ್ಣಿಗೆ ಬಿದ್ದ ಕೂಡಲೇ ‘ಹೋದ ಸಲದ್ದಕ್ಕೆ ಥ್ಯಾಂಕ್ಸ್’ ಅನ್ನಬೇಕು. ಶಾಲೆಗೆ ಹೋಗದ ಮಗುವಿಗೂ ಗೊತ್ತಿರುವ ಮಾತಿದು. ಅನ್ನದಿದ್ದರೆ ಊಟವೂ ಹಿಡಿಸಲಿಲ್ಲ, ನೀವೂ ಹಿಡಿಸಲಿಲ್ಲ, ಇನ್ನು ಕರೆಯಬೇಡಿ ಎಂದ ಹಾಗೆ. ರಜೆ ಮುಗಿದು ಮಂಗಳವಾರ ಮಾರಿತ್ ಬಸ್ಸು ಹತ್ತಿದಳು. ನಮ್ಮ ಮಹಾರಾಯ ತುಟಿ ಬಿಚ್ಚಲಿಲ್ಲ. ಯಾಕೆಂದು ಆಮೇಲೆ ನಾನು ಕೇಳಿದೆ.

‘ಪಕ್ಕದ ಮನೆಯೋರು ಒಂದು ಬಟ್ಟಲು ಸಾರು ಕೊಟ್ರೂ ಅದನ್ನೇ ಹೇಳ್ತೀವಿ ಕಣೇ. ಅವಳಿಗೂ ಅದನ್ನೇ ಹೇಳೋದಾ? ಅದಕ್ಕಿಂತ ದೊಡ್ಡದೇನೋ ಹೇಳ್ಬೇಕು ಅಂತಿತ್ತು.’

‘ಹೇಳಿದ್ಯಾ?’

‘ಹುಡುಕ್ತಾ ಇದ್ದೆ.’

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇವನದು ಆಡದೇ ಹೋದ ಮಾತು. ಬೇಸಿಗೆ ಬರುವಷ್ಟರಲ್ಲಿ ಮಾರಿತ್ ದಕ್ಷಿಣದ ಯಾವುದೋ ಲೈಬ್ರರಿಯಲ್ಲಿ ಕೆಲಸ ಹಿಡಿದು ಹೊರಟುಹೋದಳು.

ಹುಡುಕುವುದು ಕಷ್ಟವೇ? ಈಗ ನಮ್ಮ ದೇಶದಲ್ಲಿ ಯಾರ ವಿಳಾಸ ಬೇಕಾದರೂ ಫೋನಿನಲ್ಲಿ ಎರಡು ಬೆರಳಾಡಿಸಿದರೆ ಸಿಗುತ್ತದೆ, ಹುಟ್ಟಿದ ತಾರೀಖಿನ ಸಮೇತ. ಆದರೆ ಎಸ್ಕಿಲ್ ಒಪ್ಪಬೇಕಲ್ಲ. ‘ಕರೀದೇ ಇರೋ ಮನೆಗೆ ಹೋಗೋದಾ? ಲೈಬ್ರರಿಗಾದ್ರೆ ಯಾರು ಬೇಕಾದ್ರೂ ಹೋಗಬಹುದು. ಅಲ್ಲಿ ಎದುರಾದ್ರೆ ಎದುರಾದ್ಲು’ ಅನ್ನುತ್ತಿದ್ದ. ಕೌಂಟರಿನಲ್ಲಿ ಅವಳ ಹೆಸರು ಹೇಳಿ ಕೇಳಿದರೂ ಬೆನ್ನು ಹತ್ತಿದಂತಾಗುತ್ತದಂತೆ. ಇಂಥವನ ಜೊತೆ ಏನು ವಾದ ಮಾಡುವುದು.

ಈಗ ನನ್ನ ವಿಷಯ. ನನ್ನ ಹೆಸರು ಗುನ್ವೋರ್. ಒಂಬತ್ತು ವರ್ಷದ ಹಿಂದೆ, ನನ್ನ ಗಂಡ ತೀರಿಕೊಂಡ ಚಳಿಗಾಲದಲ್ಲಿ, ನಾನೇ ಆ ಎರಡು ಬೆರಳು ಆಡಿಸಿದೆ. ಮಾರಿತ್ ಲುಂಡ್‌ನಲ್ಲಿದ್ದಳು, ಅಲ್ಲಿನ ಲೈಬ್ರರಿಯಲ್ಲಿ ಕೆಲಸ, ಮನೆಯಲ್ಲಿ ಒಬ್ಬಳೇ. ಅಣ್ಣನಿಗೆ ಹೇಳೋಣವೆಂದು ಹೋದೆ. ಬಾಗಿಲು ತೆಗೆದವನೇ, ‘ಈ ಸಲ ನೀನೂ ಬಾರೇ, ಒಬ್ಬಳೇ ಕೂತು ಏನ್ಮಾಡ್ತೀಯ’ ಎಂದ. ಹೋದೆ. ಕಿಟಕಿ ಪಕ್ಕದ ಸೀಟಿಗೆ ಅವನೊಡನೆ ಜಗಳ, ಮೊಟ್ಟೆ ಸ್ಯಾಂಡ್‌ವಿಚ್, ಹೊರಗೆ ಕರಗುತ್ತಿರುವ ಹಿಮ. ಅವಳು ಸಿಕ್ಕಿಬಿಟ್ಟರೆ ಮುಂದಿನ ವಸಂತಕ್ಕೆ ನನ್ನನ್ನು ಯಾರು ಕರೆಯುತ್ತಾರೆ? ವಿಷಯ ಹೊಟ್ಟೆಯಲ್ಲೇ ಇಟ್ಟುಕೊಂಡೆ. ಆರು ವರ್ಷದ ಹಿಂದೆ ಲುಂಡ್‌ಗೆ ಹೋದಾಗಲಂತೂ, ಅವನು ಲೈಬ್ರರಿಯೊಳಗೆ ಕಾಲಿಟ್ಟು ಹತ್ತು ನಿಮಿಷವಾಗಿರಲಿಲ್ಲ, ರೈಲು ತಪ್ಪುತ್ತದೆ ಎಂದು ತೋಳು ಹಿಡಿದು ಹೊರಗೆಳೆದುಕೊಂಡು ಬಂದೆ. ರೈಲಿಗೆ ಇನ್ನೂ ಎರಡು ಗಂಟೆಯಿತ್ತು.

ಈ ವರ್ಷ ಮೊದಲು ಉಪ್ಸಾಲಾಕ್ಕೆ ಹೋದೆವು. ಲೈಬ್ರರಿಯ ದಿಬ್ಬ ಹತ್ತುತ್ತ ಅರ್ಧದಲ್ಲೇ ಅಣ್ಣ ಏದುಸಿರು ಬಿಡುತ್ತ ಬೆಂಚಿನ ಮೇಲೆ ಕೂತ. ಎಪ್ಪತ್ತೊಂದಾಯಿತಲ್ಲ.

‘ಮುಂದಿನ ವರ್ಷ ಆಗಲ್ಲ ಅನ್ಸತ್ತೆ ಕಣೇ’ ಎಂದ. ‘ಒಂದೇ ಒಂದು ಮಾತು ಹೇಳೋದಿತ್ತು. ಅದೂ ಆಗ್ಲಿಲ್ಲ.’

ನನಗೆ ತಡೆಯಲಾಗಲಿಲ್ಲ. ‘ಲುಂಡ್‌ನಲ್ಲಿದಾಳೆ’ ಎಂದೆ. ‘ರಿಟೈರ್ ಆಗಿದಾಳೆ. ಆದ್ರೂ ಪ್ರತಿ ಶುಕ್ರವಾರ ಲೈಬ್ರರಿಯಲ್ಲಿ ಓದುಕೂಟ ನಡೆಸ್ತಾಳಂತೆ, ಫೋನಿನಲ್ಲಿ ನೋಡ್ದೆ.’

‘ನಿಂಗೆ ಯಾವಾಗ ಗೊತ್ತಾಯ್ತು?’

‘ಒಂಬತ್ತು ವರ್ಷ ಆಯ್ತು.’

ಬೈದಿದ್ದರೆ ಚೆನ್ನಾಗಿತ್ತು. ಅವನು ಟೋಪಿ ತೆಗೆದು, ಧೂಳು ಕೊಡವಿ, ಮತ್ತೆ ಹಾಕಿಕೊಂಡ. ಉಪ್ಸಾಲಾದಿಂದ ಲುಂಡ್‌ವರೆಗೆ ಕಿಟಕಿ ಪಕ್ಕದ ಸೀಟು ಖಾಲಿಯಿತ್ತು, ಇಬ್ಬರೂ ಕೂರಲಿಲ್ಲ.

ಹಬ್ಬ ಕಳೆದ ಮೇಲಿನ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಲೈಬ್ರರಿ ಬಾಗಿಲು ತೆರೆಯಿತು. ಮಾರಿತ್ ದುಂಡು ಮೇಜಿನ ಸುತ್ತ ಕುರ್ಚಿ ಜೋಡಿಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಣ್ಣ ಟೋಪಿ ಕೈಯಲ್ಲಿ ಹಿಡಿದು ಅವಳೆದುರು ನಿಂತ. ನಾನು ಬಾಗಿಲ ಬಳಿಯೇ ಉಳಿದೆ. ಅವಳು ಒಂದು ಕುರ್ಚಿಯ ಬೆನ್ನು ಹಿಡಿದುಕೊಂಡಳು.

‘ಆರು ವರ್ಷದ ಹಿಂದೆ ಬಂದಿದ್ದೆ ನೀನು’ ಎಂದಳು. ‘ಆ ಕಪಾಟಿನ ಹತ್ರ ನಿಂತಿದ್ದೆ. ನಾನು ಕೌಂಟರಿಂದ ಎದ್ದು ಅರ್ಧ ದಾರಿ ಬಂದಿದ್ದೆ.’

‘ಕರೀಬಹುದಿತ್ತಲ್ಲ.’

‘ಹಳದಿ ಕೋಟಿನ ಹೆಂಗಸೊಬ್ಬಳು ತೋಳು ಹಿಡಿದು ನಡಿ ನಡಿ ಅಂತಿದ್ಲು. ಹೆಂಡತಿ ಅಂದ್ಕೊಂಡೆ. ತೊಂದರೆ ಕೊಡೋದು ಯಾಕೆ ಅಂತ ಸುಮ್ಮನಾದೆ.’

ಅದೇ ಕೋಟು ಈಗಲೂ ನನ್ನ ಮೈಮೇಲಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಣ್ಣ ನನ್ನ ಕಡೆ ತಿರುಗಲಿಲ್ಲ. ‘ತಂಗಿ ಅವಳು’ ಎಂದ. ‘ರೈಲು ಎಲ್ಲಿ ತಪ್ಪತ್ತೋ ಅಂತ ಅವಳಿಗೆ ಯಾವಾಗ್ಲೂ ಭಯ.’

ಮಾರಿತ್ ತನ್ನ ಬೆರಳಿನ ಉಂಗುರ ನೋಡಿಕೊಂಡಳು. ‘ಮದುವೆಯಾಗಿ ನಾಲ್ಕು ವರ್ಷ ಆಯ್ತು ಎಸ್ಕಿಲ್. ಒಳ್ಳೆಯವರು.’

ಅವನು ತಲೆಯಾಡಿಸಿದ. ಮೂವತ್ತೆರಡು ವರ್ಷ ಹುಡುಕಿದ ದೊಡ್ಡ ಮಾತು ಈಗ ಬರುತ್ತದೆ ಎಂದು ಕಾದೆ.

‘ಹೋದ ಸಲದ್ದಕ್ಕೆ ಥ್ಯಾಂಕ್ಸ್’ ಎಂದ.

ಅವಳ ಕಣ್ಣು ತುಂಬಿತು. ‘ಆ ಮಂಗಳವಾರ ಇಡೀ ದಿನ ಕಾದೆ ಗೊತ್ತಾ’ ಎಂದಳು. ಆಮೇಲೆ, ‘ನಿಂಗೂ ಥ್ಯಾಂಕ್ಸ್.’ ಅಷ್ಟರಲ್ಲಿ ಓದುಕೂಟದವರು ಒಬ್ಬೊಬ್ಬರಾಗಿ ಬಂದು ಕುರ್ಚಿ ಹಿಡಿದರು.

ವಾಪಸು ರೈಲಿನಲ್ಲಿ ಅವನೇ ನನ್ನನ್ನು ಕಿಟಕಿ ಪಕ್ಕ ಕೂರಿಸಿ, ಫ್ಲಾಸ್ಕಿನಿಂದ ಕಾಫಿ ಸುರಿದುಕೊಟ್ಟ. ಬಹಳ ದೂರ ಬಂದ ಮೇಲೆ ಧೈರ್ಯ ಮಾಡಿ ಕೇಳಿದೆ.

‘ಮುಂದಿನ ವಸಂತಕ್ಕೆ ಎಲ್ಲಿಗಣ್ಣ?’

‘ಇನ್ನೆಲ್ಲಿಗೆ ಕಣೇ’ ಎಂದ. ‘ಹೇಳಿಯಾಯ್ತಲ್ಲ.’

ಮನೆಗೆ ಬಂದು, ಬೂಟು ಕೂಡ ಬಿಚ್ಚದೆ, ಅವನಿಗೆ ಫೋನು ಮಾಡಿದೆ. ಅವನಿನ್ನೂ ತನ್ನ ಮನೆಯ ಮೆಟ್ಟಿಲು ಹತ್ತುತ್ತಿದ್ದ.

‘ಹೋದ ಸಲದ್ದಕ್ಕೆ ಥ್ಯಾಂಕ್ಸ್ ಅಣ್ಣ’ ಎಂದೆ. ‘ಅಷ್ಟೂ ಸಲದ್ದಕ್ಕೂ.’

ಆ ಕಡೆಯಿಂದ ಏದುಸಿರು ಕೇಳುತ್ತಿತ್ತು. ಅವನು ಉತ್ತರ ಕೊಡುವವರೆಗೆ ನಾನು ಫೋನು ಇಡಲಿಲ್ಲ.